ಬರೆಯುವ ಕೈ, ಕುಡಿಯುವ ಕೈ

ಇವತ್ತಿನ ಮಾತು ಸಾವಿನ ಬಗ್ಗೆ. ರೇಡಿಯೊದ ದನಿ ತಗ್ಗಿಸುವ ಮೊದಲು ಒಂದು ನಿಮಿಷ ಕೇಳಿ. ಹೆದರಿಸುವುದಕ್ಕೆ ಬಂದಿಲ್ಲ. ಒಂದು ಕಾನೂನಿನ ಕಥೆ ಹೇಳುವುದಕ್ಕೆ ಬಂದಿದ್ದೇನೆ.

ನಮ್ಮ ಮನೆಗಳಲ್ಲಿ ಹಿರಿಯರು ದೇವರ ಮುಂದೆ ನಿಂತು ಬೇಡುವುದೇನು? ಅನಾಯಾಸ ಮರಣ. "ಹಾಸಿಗೆ ಹಿಡಿಸಬೇಡಪ್ಪಾ, ಕೈಕಾಲು ಗಟ್ಟಿ ಇರುವಾಗಲೇ ಕರೆದುಕೊಂಡುಬಿಡು" ಎನ್ನುತ್ತಾರೆ. ಅದು ದೇವರಿಗೆ ಹಾಕುವ ಅರ್ಜಿ. ಅದೇ ಅರ್ಜಿಯನ್ನು ಡಾಕ್ಟರ ಮುಂದೆ ಇಡಬಹುದು ಎಂದು ಒಪ್ಪಿದ ನಾಡುಗಳು ಈಗ ಪ್ರಪಂಚದಲ್ಲಿವೆ. ಇಚ್ಛಾಮರಣ ಎಂದೊಡನೆ ಭೀಷ್ಮರನ್ನು ಕರೆತರುವ ಅಭ್ಯಾಸ ನಮಗಿದೆ. ಇವತ್ತು ಅವರನ್ನು ಅವರ ಪಾಡಿಗೆ ಬಿಡೋಣ. ನಾವು ಹೋಗಬೇಕಾದದ್ದು ಕುರುಕ್ಷೇತ್ರಕ್ಕಲ್ಲ, ಆರೆಗಾನ್‌ಗೆ.

ಆರೆಗಾನ್ ಅಮೆರಿಕದ ಒಂದು ರಾಜ್ಯ. ಆ ದೇಶದ ಪಶ್ಚಿಮ ಅಂಚಿನಲ್ಲಿ, ಪೆಸಿಫಿಕ್ ಸಾಗರದ ದಂಡೆಯಲ್ಲಿದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 42 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. 1994ರ ನವೆಂಬರಿನಲ್ಲಿ ಆ ಜನರ ಮುಂದೆ ಮತದಾನಕ್ಕೆ ಒಂದು ಪ್ರಶ್ನೆ ಬಂತು. ಸಾವಿನ ಅಂಚಿನಲ್ಲಿರುವ ರೋಗಿ ಕೇಳಿಕೊಂಡರೆ, ಜೀವ ಮುಗಿಸುವ ಔಷಧಿಗೆ ಡಾಕ್ಟರು ಚೀಟಿ ಬರೆದುಕೊಡಬಹುದೇ? ನೂರರಲ್ಲಿ 51 ಮಂದಿ ಹೌದು ಎಂದರು. 49 ಮಂದಿ ಬೇಡ ಎಂದರು. ಕೂದಲೆಳೆಯ ಗೆಲುವು.

ಕೂಡಲೇ ನ್ಯಾಯಾಲಯದ ತಡೆ ಬಿತ್ತು. ಮೂರು ವರ್ಷ ಕಾನೂನು ಕಾಗದದಲ್ಲೇ ಉಳಿಯಿತು. 1997ರಲ್ಲಿ ತಡೆ ತೆರವಾಯಿತು. ಆದರೆ ವಿರೋಧಿಗಳು ಸುಮ್ಮನಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕಾನೂನನ್ನೇ ರದ್ದು ಮಾಡಿ ಎಂದು ಮತ್ತೊಮ್ಮೆ ಜನರ ಮುಂದೆ ಹೋದರು. ಈ ಸಲ ನೂರಕ್ಕೆ 60 ಮಂದಿ, ಕಾನೂನು ಇರಲಿ ಎಂದರು. ಗಮನಿಸಿ. ಮೂರು ವರ್ಷ ಪರ-ವಿರೋಧದ ವಾದ ಕೇಳಿದ ಮೇಲೆ ಒಪ್ಪಿದವರ ಸಂಖ್ಯೆ ಇಳಿಯಲಿಲ್ಲ, ಏರಿತು.

ಈ ಕಾನೂನು ಎರಡು ಕೈಗಳ ಮೇಲೆ ನಿಂತಿದೆ. ಒಂದು, ಚೀಟಿ ಬರೆಯುವ ಡಾಕ್ಟರ ಕೈ. ಇನ್ನೊಂದು, ಔಷಧಿ ಕುಡಿಯುವ ರೋಗಿಯ ಕೈ. ಡಾಕ್ಟರು ಕುಡಿಸುವಂತಿಲ್ಲ. ಇಂಜೆಕ್ಷನ್ ಕೊಡುವಂತಿಲ್ಲ. ಮಗ, ಮಗಳು, ನರ್ಸ್ ಯಾರೂ ಕುಡಿಸುವಂತಿಲ್ಲ. ರೋಗಿ ತಾನೇ ಕುಡಿಯಬೇಕು. ಈ ಎರಡು ಕೈಗಳ ನಡುವಿನ ಅಂತರವನ್ನು ನೆನಪಿಟ್ಟುಕೊಳ್ಳಿ. ಇಡೀ ವಿಷಯ ಅಲ್ಲೇ ಇದೆ ಎಂದು ನನ್ನ ಅನಿಸಿಕೆ.

ಈ ಅಂತರವನ್ನು ದಾಟುವುದು ಹೇಗೆ? ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ಎಪ್ಪತ್ತೈದರ ವಯಸ್ಸು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಔಷಧ ಇನ್ನು ನಾಟುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಅವರು ಬಾಯಿಮಾತಿನಲ್ಲಿ ಒಮ್ಮೆ ಕೇಳಬೇಕು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ನಡುವೆ ಬರವಣಿಗೆಯಲ್ಲೂ ಕೊಡಬೇಕು. ಆ ಕಾಗದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಅವರಲ್ಲಿ ಒಬ್ಬರಾದರೂ ರಕ್ತಸಂಬಂಧಿ ಆಗಿರಬಾರದು, ಆಸ್ತಿಗೆ ಹಕ್ಕುದಾರ ಆಗಿರಬಾರದು. ನಮ್ಮ ಕಡೆಯ ಆಸ್ತಿ ವ್ಯಾಜ್ಯಗಳನ್ನು ಕಂಡವರಿಗೆ ಈ ಷರತ್ತಿನ ಬೆಲೆಯನ್ನು ವಿವರಿಸಿ ಹೇಳಬೇಕಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬದುಕು ಇನ್ನು ಆರು ತಿಂಗಳಿಗಿಂತ ಹೆಚ್ಚಿಲ್ಲ ಎಂದು ಇಬ್ಬರು ಡಾಕ್ಟರು ಬೇರೆಬೇರೆಯಾಗಿ ಪರೀಕ್ಷಿಸಿ ಹೇಳಬೇಕು. ರೋಗಿಗೆ ಹದಿನೆಂಟು ತುಂಬಿರಬೇಕು. ಬುದ್ಧಿ ಸ್ಥಿಮಿತದಲ್ಲಿರಬೇಕು. ಖಿನ್ನತೆಯಿಂದ ತೀರ್ಮಾನ ಹದಗೆಟ್ಟಿದೆ ಎಂಬ ಅನುಮಾನ ಬಂದರೆ ಮನೋವೈದ್ಯರ ಬಳಿಗೆ ಕಳಿಸಬೇಕು. ನೋವು ತಗ್ಗಿಸುವ ಬೇರೆ ದಾರಿಗಳು ಏನೇನಿವೆ ಎಂದು ಬಿಡಿಸಿ ಹೇಳಲೇಬೇಕು. ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಬಹುದು ಎಂದೂ ಹೇಳಬೇಕು. ಮನೆಯವರಿಗೆ ತಿಳಿಸಿ ಎಂದು ಸಲಹೆ ಕೊಡಬೇಕು, ಒತ್ತಾಯ ಮಾಡುವಂತಿಲ್ಲ. ಇದು ನನಗೆ ಒಗ್ಗದು ಎನ್ನುವ ಡಾಕ್ಟರು ಬರೆಯದೆಯೇ ಇರಬಹುದು. ಯಾರೂ ಕೇಳುವಂತಿಲ್ಲ.

ಕಾಲಕ್ರಮದಲ್ಲಿ ಕೆಲವು ಷರತ್ತು ಸಡಿಲವಾದವು. ಹದಿನೈದು ದಿನ ಬದುಕುವುದೇ ಅನುಮಾನ ಎನ್ನುವಂಥ ರೋಗಿಗೆ 2020ರಿಂದ ಕಾಯುವ ಅವಧಿ ಇಲ್ಲ. ಆರೆಗಾನ್ ನಿವಾಸಿಯೇ ಆಗಿರಬೇಕು ಎಂಬ ಷರತ್ತು 2023ರಲ್ಲಿ ಹೋಯಿತು. ಆದರೆ ಎರಡು ಕೈಗಳ ನಿಯಮ ಹಾಗೇ ಇದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಜನ ಎರಡು ಬಾರಿ ಮತ ಹಾಕಿ ಉಳಿಸಿಕೊಂಡ ಕಾನೂನು. ಸುತ್ತ ಷರತ್ತುಗಳ ಬೇಲಿ. ಬರೆಯುವುದು ಡಾಕ್ಟರು, ಕುಡಿಯುವುದು ರೋಗಿ. ಈಗ ಮುಂದಿನ ಪ್ರಶ್ನೆ. ಇದನ್ನು ಬಳಸುವವರು ಯಾರು? ಏಕೆ?

ಮೊದಲ ವರ್ಷ, 1998ರಲ್ಲಿ, ಹೀಗೆ ತೀರಿಕೊಂಡವರು ಹದಿನೈದು-ಹದಿನಾರು ಮಂದಿ. ಇತ್ತೀಚಿನ ವರ್ಷಗಳಲ್ಲಿ ಮುನ್ನೂರೈವತ್ತರ ಮೇಲೆ. ಏರಿಕೆ ನಿಜ. ಆದರೂ ಆ ರಾಜ್ಯದ ಒಟ್ಟು ಸಾವುಗಳಲ್ಲಿ ಇದು ನೂರಕ್ಕೆ ಒಂದರಷ್ಟೂ ಇಲ್ಲ. ಹೆಚ್ಚಿನವರಿಗೆ ಕ್ಯಾನ್ಸರ್. ಹೆಚ್ಚಿನವರು ಅರವತ್ತೈದು ದಾಟಿದವರು. ಹತ್ತರಲ್ಲಿ ಒಂಬತ್ತು ಮಂದಿ ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ ತೀರಿಕೊಳ್ಳುತ್ತಾರೆ.

ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಕಿ. ಇಷ್ಟೆಲ್ಲ ಬೇಲಿ ದಾಟಿ, ಎರಡು ಬಾರಿ ಕೇಳಿ, ಸಾಕ್ಷಿ ಹಾಕಿಸಿ ಚೀಟಿ ಪಡೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಔಷಧಿಯನ್ನು ಕುಡಿಯುವುದೇ ಇಲ್ಲ. ಕೆಲವರು ಅಂಗಡಿಯಿಂದ ತರಿಸುವುದೂ ಇಲ್ಲ. ಕೆಲವರು ತಂದು ಕಪಾಟಿನಲ್ಲಿಡುತ್ತಾರೆ. ರೋಗವೇ ಅವರನ್ನು ಕರೆದೊಯ್ಯುತ್ತದೆ. ಹಾಗಾದರೆ ತರಿಸಿದ್ದೇಕೆ? ಬಾಗಿಲಿನ ಚಿಲಕ ತನ್ನ ಕಡೆಗೇ ಇದೆ ಎಂದು ಗೊತ್ತಿದ್ದವನು ಕೋಣೆಯಲ್ಲಿ ನಿಶ್ಚಿಂತೆಯಿಂದ ಕೂರುತ್ತಾನೆ. ಅಂಥದ್ದೇ ಏನೋ ಇಲ್ಲಿ ನಡೆಯುತ್ತಿರಬೇಕು ಎಂದು ನನ್ನ ಊಹೆ.

ಇನ್ನು, ಏಕೆ ಕೇಳುತ್ತಾರೆ? ನಾವೆಲ್ಲ ಅಂದುಕೊಳ್ಳುವುದು, ನೋವು ತಡೆಯಲಾರದೆ ಎಂದು. ಆರೆಗಾನ್‌ನ ಆರೋಗ್ಯ ಇಲಾಖೆ ಪ್ರತಿ ವರ್ಷ ವರದಿ ಹೊರಡಿಸುತ್ತದೆ. ರೋಗಿ ಹೇಳಿದ ಕಾರಣಗಳನ್ನು ಡಾಕ್ಟರುಗಳಿಂದ ಕೇಳಿ ಬರೆಸಿಕೊಳ್ಳುತ್ತದೆ. ಅದರ ಪ್ರಕಾರ ನೋವು ಅಥವಾ ನೋವಿನ ಭಯ ಹೇಳಿಕೊಂಡವರು ಸುಮಾರು ಮೂವರಲ್ಲಿ ಒಬ್ಬರು. ಒಬ್ಬರೇ ಹಲವು ಕಾರಣ ಹೇಳುವುದುಂಟು. ಆದರೆ ಹತ್ತರಲ್ಲಿ ಒಂಬತ್ತು ಮಂದಿ ಹೇಳಿದ್ದು ಬೇರೆ. ನನ್ನ ಬದುಕು ನನ್ನ ಹಿಡಿತದಲ್ಲಿಲ್ಲ. ಖುಷಿ ಕೊಡುತ್ತಿದ್ದ ಯಾವುದನ್ನೂ ಇನ್ನು ಮಾಡಲಾರೆ. ಮರ್ಯಾದೆ ಉಳಿದಿಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು.

ಇದು ಅಮೆರಿಕದವರ ಹಟ, ನಮಗೆ ಸಂಬಂಧವಿಲ್ಲ ಎನ್ನಬೇಡಿ. ಬೇರೆಯವರು ನೀರು ಹುಯ್ಯಬೇಕು, ಬೇರೆಯವರು ಒರೆಸಬೇಕು ಎಂಬ ದಿನ ಬರುವ ಮೊದಲೇ ಹೋಗಿಬಿಡಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ ತಾನೇ?

ಆ ವರದಿಯಲ್ಲಿ ಮತ್ತೊಂದು ಸಾಲಿದೆ. ಮನೆಯವರಿಗೆ ಹೊರೆಯಾಗುತ್ತೇನೆ ಎಂದವರು ಹತ್ತರಲ್ಲಿ ನಾಲ್ವರು. ನನ್ನ ಅನುಮಾನ ಶುರುವಾಗುವುದು ಇಲ್ಲಿ. ಆ ಮಾತು ರೋಗಿಯ ಮನಸ್ಸಿನಲ್ಲೇ ಹುಟ್ಟಿತೋ, ಅಥವಾ ಮನೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದನ್ನು ಕೇಳಿ ಹುಟ್ಟಿತೋ? ಸಾಕ್ಷಿಯ ಸಹಿ ಅದನ್ನು ತಿಳಿಸುವುದಿಲ್ಲ. ಮನೋವೈದ್ಯರ ಬಳಿಗೆ ಕಳಿಸಲ್ಪಡುವವರೂ ವರ್ಷಕ್ಕೆ ಬೆರಳೆಣಿಕೆಯಷ್ಟು. ಕಾನೂನಿನ ವಿರೋಧಿಗಳು ಇದನ್ನು ಎತ್ತಿ ತೋರಿಸುತ್ತಾರೆ. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಮತ್ತೆ ಆರು ತಿಂಗಳ ಲೆಕ್ಕವೂ ಅಷ್ಟೆ. ಡಾಕ್ಟರು ಹೇಳಿದ ಗಡುವು ದಾಟಿ ಬದುಕಿದವರು ಆರೆಗಾನ್‌ನಲ್ಲೂ ಇದ್ದಾರೆ, ನಿಮ್ಮ ಬೀದಿಯಲ್ಲೂ ಇದ್ದಾರು.

ಆದರೆ ಇನ್ನೊಂದನ್ನೂ ನ್ಯಾಯವಾಗಿ ಹೇಳಬೇಕು. ಬಡವರನ್ನು, ದಿಕ್ಕಿಲ್ಲದವರನ್ನು ಈ ದಾರಿಗೆ ತಳ್ಳಿಬಿಡುತ್ತಾರೆ ಎಂಬ ಭಯ ಮೊದಲಿನಿಂದ ಇತ್ತು. ಅಂಕಿ ಅಂಶಗಳಲ್ಲಿ ಅದು ಕಾಣುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಬಿಳಿಯರು, ಓದಿದವರು, ವಿಮೆ ಇದ್ದವರು. ಅಲ್ಲಿ ಅರವತ್ತೈದು ದಾಟಿದವರಿಗೆ ಸರ್ಕಾರದ ಮೆಡಿಕೇರ್ ವಿಮೆ ಇದೆ. ಖರ್ಚಿನ ಚಿಂತೆ ಎಂದವರು ಹತ್ತರಲ್ಲಿ ಒಬ್ಬರಷ್ಟೂ ಇಲ್ಲ. ಈ ಮಾತನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರಿ. ಮತ್ತೆ ಬೇಕಾಗುತ್ತದೆ.

ಸರಿ. ಯಾರು, ಏಕೆ ಎಂಬುದನ್ನು ನೋಡಿದೆವು. ಬಳಸುವವರು ಕಡಿಮೆ. ಕುಡಿಯದೆ ಇಡುವವರು ಸಾಕಷ್ಟು. ನೋವಿಗಿಂತ ಪರಾಧೀನತೆಯ ಭಯ ದೊಡ್ಡದು. ಇನ್ನು ಈ ಕಾನೂನು ಆರೆಗಾನ್‌ನಿಂದ ಹೊರಗೆ ಹೇಗೆ ಹೋಯಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ.

ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ, ಇಂಥ ನೆರವು ಸಂವಿಧಾನ ಕೊಟ್ಟ ಹಕ್ಕಲ್ಲ ಎಂದಿತು. ಆದರೆ ರಾಜ್ಯಗಳು ಚರ್ಚಿಸಿ ತೀರ್ಮಾನಿಸುವುದಕ್ಕೆ ಅಡ್ಡಿ ಮಾಡಲಿಲ್ಲ. 2001ರಲ್ಲಿ ಕೇಂದ್ರದ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್, ಚೀಟಿ ಬರೆದ ಡಾಕ್ಟರುಗಳ ಔಷಧಿ ಪರವಾನಗಿಯನ್ನೇ ಕಿತ್ತುಕೊಳ್ಳುವುದಾಗಿ ಆದೇಶಿಸಿದರು. ಬರೆಯುವ ಕೈಯನ್ನೇ ಕಟ್ಟುವ ಉಪಾಯ. 2006ರಲ್ಲಿ ಸುಪ್ರೀಂ ಕೋರ್ಟ್, ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳ ಬಹುಮತದಿಂದ, ಆ ಅಧಿಕಾರ ನಿಮಗಿಲ್ಲ ಎಂದಿತು. ಆಮೇಲೆ ದಾರಿ ಸಲೀಸಾಯಿತು. ಪಕ್ಕದ ವಾಷಿಂಗ್ಟನ್ ರಾಜ್ಯ 2008ರಲ್ಲಿ ಒಪ್ಪಿತು.

2014ರಲ್ಲಿ ಬ್ರಿಟನಿ ಮೇನಾರ್ಡ್ ಎಂಬ ಇಪ್ಪತ್ತೊಂಬತ್ತರ ಯುವತಿ ಕ್ಯಾಲಿಫೋರ್ನಿಯ ಬಿಟ್ಟು ಆರೆಗಾನ್‌ಗೆ ಮನೆ ಬದಲಾಯಿಸಿದರು. ಮೆದುಳಿನ ಕ್ಯಾನ್ಸರ್ ಇತ್ತು. ಸಾಯುವುದಕ್ಕಾಗಿ ಊರು ಬಿಡಬೇಕಾಯಿತಲ್ಲ ಎಂದು ಬಹಿರಂಗವಾಗಿ ಕೇಳಿದರು. ಆ ನವೆಂಬರಿನಲ್ಲಿ ತೀರಿಕೊಂಡರು. ಮುಂದಿನ ವರ್ಷವೇ ಕ್ಯಾಲಿಫೋರ್ನಿಯದ ಶಾಸನಸಭೆ ಕಾನೂನು ಪಾಸು ಮಾಡಿತು. ಗವರ್ನರ್ ಜೆರ್ರಿ ಬ್ರೌನ್ ಹರೆಯದಲ್ಲಿ ಪಾದ್ರಿಯಾಗಲು ಓದಿದವರು. ಅವರ ಚರ್ಚು ಇದನ್ನು ಪಾಪ ಎನ್ನುತ್ತದೆ. ಆದರೂ ಸಹಿ ಹಾಕಿದರು. ನರಳುತ್ತ ಸಾಯುವ ಹೊತ್ತಿನಲ್ಲಿ ನಾನೇನು ಮಾಡುತ್ತೇನೋ ಗೊತ್ತಿಲ್ಲ, ಆದರೆ ಇಂಥದ್ದೊಂದು ದಾರಿ ಇದೆ ಎಂಬುದೇ ಸಮಾಧಾನ ಕೊಟ್ಟೀತು ಎಂಬ ಅರ್ಥದ ಮಾತನ್ನು ಬರೆದರು. ನ್ಯೂಜೆರ್ಸಿ 2019ರಲ್ಲಿ ಸೇರಿತು. ಈ ಎರಡೂ ರಾಜ್ಯಗಳಲ್ಲಿ ಕನ್ನಡದ ಮನೆಗಳು ಬಹಳ. ಅಲ್ಲೇ ನೆಲೆಸಿ ಮುಪ್ಪಾಗುತ್ತಿರುವ ನಮ್ಮವರಿಗೆ ಈ ಕಾನೂನು ಅನ್ವಯಿಸುತ್ತದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿ ಬರುವ ಅಮ್ಮನಿಗೆ ಅನ್ವಯಿಸುವುದಿಲ್ಲ.

ಬ್ರಿಟನ್ನಿನಲ್ಲೂ 2025ರ ಜೂನಿನಲ್ಲಿ ಕೆಳಮನೆ ಇಪ್ಪತ್ತಮೂರು ಮತಗಳ ಅಂತರದಿಂದ ಇದೇ ಬಗೆಯ ಮಸೂದೆಯನ್ನು ಒಪ್ಪಿ ಮೇಲ್ಮನೆಗೆ ಕಳಿಸಿತು. ಅದರಲ್ಲೂ ಆರು ತಿಂಗಳು. ಅದರಲ್ಲೂ ರೋಗಿಯ ಕೈಯೇ.

ಕುಡಿಯುವ ಕೈ ರೋಗಿಯದ್ದೇ ಆಗಿರಬೇಕು ಎಂಬ ಈ ಹಟ ಏಕೆ? ಅದನ್ನು ಬಿಟ್ಟುಕೊಟ್ಟ ದೇಶವೊಂದನ್ನು ನೋಡಿದರೆ ತಿಳಿಯುತ್ತದೆ. ಕೆನಡಾ.

ಅಲ್ಲಿ ಸ್ಯೂ ರೊಡ್ರಿಗೆಜ್ ಎಂಬ ಮಹಿಳೆ ಇದ್ದರು. ಎ.ಎಲ್.ಎಸ್. ಎಂಬ ರೋಗ. ಕೈ, ಕಾಲು, ನಾಲಿಗೆ, ಗಂಟಲು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಹೆಚ್ಚಿನವರಲ್ಲಿ ಬುದ್ಧಿ ಕೊನೆಯವರೆಗೂ ಚುರುಕಾಗೇ ಇರುತ್ತದೆ. ಸ್ಯೂ ಅವರ ವಾದ ಸರಳವಾಗಿತ್ತು. ಕೈ ಆಡುವವನು ತನ್ನ ಜೀವ ತಾನು ತೆಗೆದುಕೊಂಡರೆ ನಿಮ್ಮ ಕಾನೂನು ಅದನ್ನು ಅಪರಾಧ ಎನ್ನುವುದಿಲ್ಲ. ನನ್ನ ಕೈ ಆಡುವುದಿಲ್ಲ, ಅದಕ್ಕೇ ನನಗೆ ನೆರವು ಬೇಕು. ನೆರವು ಕೊಟ್ಟವರನ್ನು ಜೈಲಿಗೆ ಹಾಕುತ್ತೀರಿ. 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ಅವರ ಅರ್ಜಿಯನ್ನು ತಳ್ಳಿಹಾಕಿತು. ಇಪ್ಪತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಅದೇ ಕೋರ್ಟ್ ಇನ್ನೊಂದು ಮೊಕದ್ದಮೆಯಲ್ಲಿ ಸರ್ವಾನುಮತದಿಂದ ತನ್ನ ನಿಲುವು ಬದಲಿಸಿತು. 2016ರಲ್ಲಿ ಕಾನೂನು ಬಂತು. ಅದರಲ್ಲಿ ಡಾಕ್ಟರೇ ಇಂಜೆಕ್ಷನ್ ಕೊಡಬಹುದು. ಹೆಚ್ಚುಕಡಿಮೆ ಎಲ್ಲರೂ ಆರಿಸಿಕೊಂಡದ್ದು ಅದನ್ನೇ.

ಅಂದರೆ ಎರಡು ಕೈಗಳ ಅಂತರ ಅಲ್ಲಿ ಇಲ್ಲವಾಯಿತು. 2021ರಲ್ಲಿ, ಸಾವು ಹತ್ತಿರದಲ್ಲಿರಬೇಕು ಎಂಬ ಷರತ್ತೂ ಹೋಯಿತು. ಈಗ ಕೆನಡಾದ ಸಾವುಗಳಲ್ಲಿ ಇಪ್ಪತ್ತಕ್ಕೆ ಒಂದು ಈ ಬಗೆಯದು. ಆರೆಗಾನ್‌ನಲ್ಲಿ ನೂರಕ್ಕೆ ಒಂದೂ ಇಲ್ಲ. ವ್ಯತ್ಯಾಸಕ್ಕೆ ಕಾರಣಗಳು ಹಲವು ಇರಬಹುದು. ಆದರೆ ತಾನೇ ಲೋಟ ಎತ್ತಬೇಕಾದವನಿಗೆ ಕೊನೆಯ ಕ್ಷಣದಲ್ಲೂ ಅದನ್ನು ಕೆಳಗಿಡುವ ಅವಕಾಶ ಇರುತ್ತದೆ. ಡಾಕ್ಟರು ಬರುವ ದಿನ, ಗಂಟೆ ಗೊತ್ತಾಗಿ, ನೆಂಟರೆಲ್ಲ ಬಂದು ಕೂತಿರುವಾಗ ಬೇಡ ಎನ್ನುವುದಕ್ಕೆ ಬೇರೆಯೇ ಧೈರ್ಯ ಬೇಕು. ಕಾನೂನು ಎಷ್ಟೇ ಅವಕಾಶ ಕೊಟ್ಟರೂ ದಾಕ್ಷಿಣ್ಯ ಎಂಬುದೊಂದಿದೆ. ನಮಗೆ ಅದರ ಪರಿಚಯ ಚೆನ್ನಾಗಿಯೇ ಇದೆ.

ಹಾಗೆಂದು ಆರೆಗಾನ್ ಕಾನೂನು ಎಲ್ಲರಿಗೂ ನ್ಯಾಯ ಮಾಡುತ್ತದೆ ಎನ್ನಲಾರೆ. ಸ್ಯೂ ರೊಡ್ರಿಗೆಜ್ ಅಂಥವರು ನುಂಗುವ ಶಕ್ತಿ ಇರುವಾಗಲೇ ಅವಸರ ಮಾಡಬೇಕಾಗುತ್ತದೆ. ಬದುಕಬಹುದಾಗಿದ್ದ ಕೆಲವು ವಾರಗಳನ್ನು ಕಾನೂನೇ ಅವರಿಂದ ಕಿತ್ತುಕೊಳ್ಳುತ್ತದೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಆರೆಗಾನ್ ಕಡೆಗೇ ನಿಲ್ಲುತ್ತೇನೆ.

ಕೇಳುಗರೇ, ಎರಡು ಬಗೆ ನೋಡಿದೆವು. ಆರೆಗಾನ್‌ನಲ್ಲಿ ರೋಗಿಯ ಕೈ. ಕೆನಡಾದಲ್ಲಿ ಡಾಕ್ಟರ ಕೈ. ನಮ್ಮ ದೇಶದಲ್ಲಿ?

ನಮ್ಮಲ್ಲಿ ಎರಡೂ ಅಪರಾಧ. ನಮ್ಮ ಸುಪ್ರೀಂ ಕೋರ್ಟ್ ಒಪ್ಪಿರುವುದು ಮೂರನೆಯದನ್ನು. ಚಿಕಿತ್ಸೆಯಿಂದ ಕೈ ಹಿಂದೆಗೆಯುವುದು. ವಾಸಿಯಾಗುವ ಆಸೆಯೇ ಇಲ್ಲದ ರೋಗಿಯ ವೆಂಟಿಲೇಟರ್ ಮುಂತಾದ್ದನ್ನು ತೆಗೆದು, ರೋಗ ತನ್ನ ದಾರಿ ಹಿಡಿಯಲು ಬಿಡುವುದು. ಈ ದಾರಿ ತೆರೆದ ಮೊಕದ್ದಮೆಯಲ್ಲಿ ನಮ್ಮ ನಾಡಿನ ಹೆಣ್ಣುಮಗಳ ಹೆಸರಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಆಸ್ಪತ್ರೆಯೊಳಗೇ ನಡೆದ ಹಲ್ಲೆಯಲ್ಲಿ ಮೆದುಳಿಗೆ ಹಾನಿಯಾಯಿತು. ಮತ್ತೆ ಏಳಲಿಲ್ಲ. ಅರುಣಾ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ, ಅವರನ್ನು ಸಾಯಲು ಬಿಡಿ ಎಂದು ಅರ್ಜಿ ಹಾಕಿದರು. ಅದೇ ಆಸ್ಪತ್ರೆಯ ನರ್ಸುಗಳು ಬೇಡ ಎಂದರು. ನಾವು ನೋಡಿಕೊಳ್ಳುತ್ತೇವೆ ಎಂದರು. 2011ರಲ್ಲಿ ಕೋರ್ಟ್ ನರ್ಸುಗಳ ಮಾತನ್ನು ಮನ್ನಿಸಿತು, ಆದರೆ ತತ್ವವಾಗಿ ಚಿಕಿತ್ಸೆ ಹಿಂದೆಗೆಯಬಹುದು ಎಂದಿತು. ಅರುಣಾ 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ನಲವತ್ತು ವರ್ಷಗಳ ಮೇಲೆ, ತಲೆಮಾರು ಬದಲಾದ ಮೇಲೂ, ಆ ನರ್ಸುಗಳು ಬೆನ್ನು ಹುಣ್ಣಾಗದಂತೆ ನೋಡಿಕೊಂಡರು. ಈ ಚರ್ಚೆಯಲ್ಲಿ ಆ ನರ್ಸುಗಳ ಕೈಗಳನ್ನು ಮರೆಯಬಾರದು.

2018ರಲ್ಲಿ ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರು ಘನತೆಯ ಸಾವಿಗಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ಆಗ ಪತ್ರಿಕೆಗಳು ನೆನೆದವು. ಆದರೆ ಕರ್ನಾಟಕದಲ್ಲಿ ಇನ್ನು ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ ಎಂದು ತಿಳಿದವರೂ ಉಂಟು. ಖಂಡಿತ ಹಾಗಿಲ್ಲ. ಇಲ್ಲಿ ಕೊಡುವ ಮಾತಿಲ್ಲ, ತೆಗೆಯುವ ಮಾತು ಮಾತ್ರ. ಅದಕ್ಕೂ ಮೂವರು ಡಾಕ್ಟರುಗಳ ಒಂದು ಮಂಡಳಿ ಒಪ್ಪಬೇಕು. ಅದರ ಮೇಲೆ ಇನ್ನೊಂದು ಮಂಡಳಿ ಒಪ್ಪಬೇಕು. ಮನೆಯವರು ಒಪ್ಪಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಅನ್ನನೀರು ಬಿಟ್ಟು ದೇಹ ತೊರೆಯುವ ಜೈನರ ಸಲ್ಲೇಖನ ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಅಂಥ ಸಾವುಗಳನ್ನು ಹೇಳುತ್ತವೆ, ನಿಜ. ಆದರೆ ಅದು ವ್ರತ. ಅಲ್ಲಿ ಡಾಕ್ಟರೂ ಇಲ್ಲ, ಚೀಟಿಯೂ ಇಲ್ಲ. ಅದರ ಪ್ರಶ್ನೆಗಳೇ ಬೇರೆ.

ಹಾಗಾದರೆ ಆರೆಗಾನ್‌ನ ಕಾನೂನು ನಮಗೂ ಬರಬೇಕೇ? ನನ್ನ ಉತ್ತರ: ಈಗ ಬೇಡ. ಕಾರಣ ಧರ್ಮವಲ್ಲ. ಆಗ ಇಟ್ಟುಕೊಂಡಿರಿ ಎಂದಿದ್ದ ಮಾತನ್ನು ಈಗ ತೆಗೆಯೋಣ. ಅಲ್ಲಿನವರಿಗೆ ವಿಮೆ ಇತ್ತು, ಖರ್ಚಿನ ಚಿಂತೆ ಕಡಿಮೆ ಇತ್ತು. ಅಲ್ಲಿ ಆ ಔಷಧಿ ಕುಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಆಗಲೇ ಹಾಸ್ಪೈಸ್ ಎಂಬ ಕೊನೆಗಾಲದ ಆರೈಕೆಯಲ್ಲಿದ್ದರು. ಅಂದರೆ ನೋವಿಗೆ ಮಾರ್ಫಿನ್ ಸಿಗುತ್ತಿತ್ತು. ಮನೆಗೆ ನರ್ಸ್ ಬರುತ್ತಿದ್ದರು. ಅದೆಲ್ಲ ಸಿಕ್ಕ ಮೇಲೂ ಅವರು ಕೇಳಿದರು. ಆದ್ದರಿಂದ ಅದನ್ನು ಅವರ ಸ್ವಂತ ಇಚ್ಛೆ ಎನ್ನಬಹುದು.

ನಮ್ಮಲ್ಲಿ? ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಕಾಸು ಕೇಳದೆ ನೋಡಿಕೊಳ್ಳುತ್ತದೆ. ಕೇರಳ ಊರೂರಿಗೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ತಗ್ಗಿಸುವ ಆರೈಕೆಯನ್ನು, ಒಯ್ದಿದೆ. ಆದರೆ ದೇಶದ ಬಹುಪಾಲು ಜಿಲ್ಲೆಗಳಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಸಿಗುವುದು ಇವತ್ತಿಗೂ ಕಷ್ಟ. 1985ರ ಮಾದಕ ವಸ್ತುಗಳ ಕಾನೂನು ಕಳ್ಳರನ್ನು ಹಿಡಿಯಲು ಹೋಗಿ ರೋಗಿಯ ಕೈಯಿಂದ ಔಷಧ ಕಿತ್ತುಕೊಂಡಿತು. 2014ರಲ್ಲಿ ತಿದ್ದಿದರು. ತಿದ್ದಿದ್ದು ಇನ್ನೂ ತಾಲ್ಲೂಕು ಮುಟ್ಟಿಲ್ಲ. ನೋವಿಗೆ ಮಾತ್ರೆ ಸಿಗದೆ, ಹೊಲ ಮಾರಿ, ಸಾಲ ಮಾಡಿ ಬಂದ ಮನುಷ್ಯ "ಸಾಯಿಸಿಬಿಡಿ ಸ್ವಾಮಿ" ಎಂದರೆ ಅವನು ಕೇಳುತ್ತಿರುವುದು ಸಾವನ್ನಲ್ಲ, ಮಾತ್ರೆಯನ್ನು. ಅಂಥವನ ಮುಂದೆ ಎರಡು ಕೈಗಳ ಕಾನೂನು ಇಟ್ಟರೆ, ಕುಡಿಯುವ ಕೈ ಅವನದೇ ಇದ್ದರೂ ಇಚ್ಛೆ ಅವನದಾಗಿರುವುದಿಲ್ಲ.

ಸದ್ಯ ನಮ್ಮ ಕೈಯಲ್ಲಿರುವುದು ಲಿವಿಂಗ್ ವಿಲ್. ಮುಂದೆ ನನಗೆ ಮಾತು ನಿಂತುಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಕಾಗದ. ಹದಿನೆಂಟು ತುಂಬಿದ ಯಾರಾದರೂ ಬರೆಯಬಹುದು. ನಿಮ್ಮ ಪರವಾಗಿ ಮಾತಾಡಲು ನಂಬಿಕೆಯ ಇಬ್ಬರನ್ನು ಹೆಸರಿಸಿ. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬದಲಿಸಿ ಬರೆಯಬಹುದು. ಒಂದು ಪ್ರತಿ ಆ ಇಬ್ಬರಿಗೆ, ಒಂದು ಪ್ರತಿ ಮನೆ ಡಾಕ್ಟರಿಗೆ, ಇನ್ನೊಂದು ನಿಮ್ಮ ಪಂಚಾಯಿತಿ ಅಥವಾ ನಗರಸಭೆಗೆ ಕೊಡಿ. ಮುಖ್ಯವಾಗಿ ಮನೆಯವರನ್ನೆಲ್ಲ ಕೂರಿಸಿಕೊಂಡು ಓದಿ ಹೇಳಿ, ದೂರದ ಊರಿನಲ್ಲಿರುವ ಮಗನಿಗೂ ಫೋನಿನಲ್ಲಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಐಸಿಯು ಬಾಗಿಲಲ್ಲಿ ಅದು ಯಾರಿಗೂ ಸಿಗುವುದಿಲ್ಲ.